ಕಳಕಮ್ಮನ ಭಟ್ಟಿಯ ಬೆಕ್ಕುಗಳು

ಮುಳ್ಳೂರಿನ ಕಳಕಮ್ಮನಿಗೆ ವಯಸ್ಸೆಷ್ಟು ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಎಲ್ಲವನ್ನೂ ಅವಳು ಬೆಕ್ಕುಗಳ ಲೆಕ್ಕದಲ್ಲಿ ಇಟ್ಟುಕೊಂಡಿದ್ದಳು. ಮಗಳು ನಡೆಯಲು ಕಲಿತದ್ದು ಹಗೇವ್ಯಾ ಬಂದ ವರ್ಷ. ಮಾವ ತೀರಿಕೊಂಡಾಗ ಮುನಸಿ ಮೂರು ಮರಿ ಹಾಕಿತ್ತು. ಮಗಳನ್ನು ಯಲಬುರ್ಗಿಗೆ ಕೊಟ್ಟದ್ದು ಜಮಾದಾರ ಸತ್ತ ಮರುವರ್ಷ. ಕೇಳಿದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ನಗಲಿ. ಊರವರು ಬರದ ವರ್ಷ, ಪ್ಲೇಗಿನ ವರ್ಷ ಎಂದು ಎಣಿಸಬಹುದಾದರೆ, ಒಬ್ಬ ಹೆಣ್ಣುಮಗಳು ಬೆಕ್ಕಿನ ವರ್ಷ ಎಂದು ಎಣಿಸಿದರೆ ಯಾರ ಗಂಟೇನು ಹೋಯಿತು?

ಮುಳ್ಳೂರು ತಾವರಗೇರಾದಿಂದ ಎರಡು ಹರದಾರಿ. ಅಲ್ಲಿ ಕಳಕಮ್ಮನ ಮನೆಯವರದು ಮಂಡಾಳಿನ, ಅಂದರೆ ಮಂಡಕ್ಕಿಯ, ಭಟ್ಟಿ. ಸೊಂಟದೆತ್ತರದ ಮಣ್ಣಿನ ಒಲೆ, ಅದರ ಮೇಲೆ ಕಬ್ಬಿಣದ ಕಡಾಯಿ, ಕಡಾಯಿಯಲ್ಲಿ ಕಾದ ಉಸುಕು. ಆ ಉಸುಕಿಗೆ ಉಪ್ಪುನೀರು ಕುಡಿದ ಅಕ್ಕಿ ಬಿದ್ದರೆ ಪಟಪಟನೆ ಅರಳಿ ಮಂಡಾಳಾಗುತ್ತಿತ್ತು. ಗಂಡ ಕೊಟ್ರಪ್ಪ ಬಂಡಿ ಕಟ್ಟಿಕೊಂಡು ಹೋಗಿ ಗಂಗಾವತಿಯ ಕಾಲುವೆ ಗದ್ದೆಗಳ ಭತ್ತ ತರುತ್ತಿದ್ದ. ಅದನ್ನು ಕುದಿಸಿ, ಒಣಗಿಸಿ, ಕುಟ್ಟಿ, ಹುರಿಯುವುದು ಕಳಕಮ್ಮನ ಕೆಲಸ. ಸಂತೆಯ ದಿನ ತಾವರಗೇರಾಕ್ಕೆ ಹೋಗಿ ಮಾರಿ ಬರುವುದೂ ಅವಳೇ. ಕೊಟ್ರಪ್ಪನಿಗೆ ಬಾಯಿ ಕಡಿಮೆ. ಸಂತೆಯಲ್ಲಿ ಅವನನ್ನು ಕೂರಿಸಿದರೆ ಗಿರಾಕಿ ಹೇಳಿದ್ದೇ ದರ.

ಭತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ಅದರ ಮೇಲೆ ರಾತ್ರಿಯೆಲ್ಲ ಬೆಚ್ಚಗಿರುವ ಭಟ್ಟಿಯ ಗೋಡೆ. ಊರಿನ ಯಾವ ಬೆಕ್ಕನ್ನು ಯಾರು ಹೊಡೆದು ಹೊರಗೆ ಹಾಕಿದರೂ ಅದು ಮಾರನೆಯ ಬೆಳಿಗ್ಗೆ ಕಳಕಮ್ಮನ ಭಟ್ಟಿಯ ಹಿಂದೆ ಕಣ್ಣು ಮುಚ್ಚಿ ಕೂತಿರುತ್ತಿತ್ತು.

ಅತ್ತೆ ದುರುಗವ್ವನಿಗೆ ಇದು ಸೇರುತ್ತಿರಲಿಲ್ಲ. ಊರಿನ ಆಚಾರಗಳಿಗೆಲ್ಲ ಆ ಮುದುಕಿಯೇ ಪಹರೆ. ಯಾವ ವಾರ ತಲೆಗೆ ಎಣ್ಣೆ ಹಚ್ಚಬಾರದು, ಯಾವ ದಿಕ್ಕಿಗೆ ಪೊರಕೆ ನಿಲ್ಲಿಸಬಾರದು, ಯಾರು ಎದುರು ಬಂದರೆ ಒಂದು ಗಳಿಗೆ ಕೂತು ಹೋಗಬೇಕು, ಎಲ್ಲವೂ ಅವಳ ನಾಲಗೆಯ ತುದಿಯಲ್ಲಿ. ಪೂಜಾರಿಗೆ ಮರೆತರೂ ಅವಳಿಗೆ ಮರೆಯದು.

"ನಾಯಿ ಮನಷ್ಯಾನ್ನ ನೆಚ್ಚತೈತಿ, ಬೆಕ್ಕು ಮನೀನ್ನ ನೆಚ್ಚತೈತಿ. ನಾಳಿ ನಾವು ಸತ್ತರ ದಾಟಿಕೊಂಡು ಹೋಗಿ ಹಾಲು ಹುಡುಕತಾವು, ನೋಡ್ಕೊಂತಿರು" ಎನ್ನುತ್ತಿದ್ದಳು.

"ಹಂಗಾರ ಇವತ್ತ ರಾತ್ರಿ ಇಲಿ ಹಿಡ್ಯಾಕ ನೀವ ಕುಂದರ್ರಿ ಅತ್ತಿ" ಎಂದು ಕಳಕಮ್ಮ ನಗುತ್ತಲೇ ಉತ್ತರಿಸುತ್ತಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಮನೆಯಲ್ಲಿ ಎರಡು ಕಾಲವೂ ಒಟ್ಟಿಗೇ ನಡೆಯುತ್ತಿದ್ದವು.

ಬೆಕ್ಕುಗಳಲ್ಲಿ ಮೊದಲನೆಯದು ಹಗೇವ್ಯಾ. ನೆಲದೊಳಗೆ ಬಾವಿಯಂತೆ ತೋಡಿ ಜೋಳ ತುಂಬಿಡುವ ಹಗೇವು ಆ ಸೀಮೆಯಲ್ಲಿ ಹೊಸದಲ್ಲ. ಮಾಲಿಪಾಟೀಲ ಉಮಾಪತಿ ಗೌಡರ ಹಗೇವನ್ನು ತೆಗೆದು ಜೋಳ ಹೊರಗೆ ಹಾಕಿದ್ದರು. ತೆರೆದ ಬಾಯೊಳಗೆ ಒಂದು ಬೂದು ಮರಿ ಬಿದ್ದು ಎರಡು ದಿನದಿಂದ ಕೂಗುತ್ತಿತ್ತು. ಹಗೇವಿನ ಗಾಳಿ ಕೆಟ್ಟದ್ದು. ಇಳಿದವರು ಮೂರ್ಛೆ ಹೋದ ಕಥೆಗಳು ಎಲ್ಲರಿಗೂ ಗೊತ್ತು. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು ಎಂಬಂತೆ ಗಂಡಸರೆಲ್ಲ ಮುಖ ಮುಖ ನೋಡಿಕೊಂಡು ನಿಂತಿದ್ದರು. ಕಳಕಮ್ಮ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಬಂದು, ಬೆಣ್ಣೆ ಸವರಿದ ರೊಟ್ಟಿಯ ಚೂರನ್ನು ಬುಟ್ಟಿಗೆ ಹಾಕಿ, ಹಗ್ಗ ಕಟ್ಟಿ ಕೆಳಗೆ ಬಿಟ್ಟಳು.

ಗೌಡರಿಗೆ ನಗು ಬಂತು. "ಬುಟ್ಟಿ ಏರಿ ಬಾ ಅಂದ್ರ ಬರಾಕ ಅದೇನು ಅತ್ತಿ ಮಾತು ಕೇಳೋ ಸೊಸಿ ಏನವ್ವ?"

"ಸೊಸಿಕಿಂತ ಶಾಣ್ಯಾ ಐತ್ರಿ ಗೌಡ್ರ. ಅದಕ್ಕ ಹಸಿವಿ ಗೊತ್ತೈತಿ."

ಎರಡು ಸಲ ಬುಟ್ಟಿ ಖಾಲಿ ಬಂತು. ಮೂರನೆಯ ಸಲ ಭಾರವಾಯಿತು. ಮೈಯೆಲ್ಲ ಧೂಳಾದ ಮರಿ ರೊಟ್ಟಿ ಬಿಡದೆ ಮೇಲೆ ಬಂದು, ಎಲ್ಲರನ್ನೂ ನೋಡಿ, ಮೊದಲು ರೊಟ್ಟಿ ತಿಂದು ಮುಗಿಸಿತು. ಹಗೇವ್ಯಾ ಆರು ವರ್ಷ ಬದುಕಿತು. ಭತ್ತದ ಚೀಲಗಳ ನಡುವೆ ಬಂದ ಹಾವಿನೊಡನೆ ಜಗಳಕ್ಕೆ ಬಿದ್ದು, ಅದನ್ನೂ ಕೊಂದು, ಮರುದಿನ ಮಧ್ಯಾಹ್ನ ತಾನೂ ಸತ್ತಿತು. ಕೊಟ್ರಪ್ಪ ಹಿತ್ತಲಲ್ಲಿ ಗುಂಡಿ ತೋಡಿದ. ಕಳಕಮ್ಮ ಅದರ ಹಣೆಗೆ ವಿಭೂತಿ ಹಚ್ಚಿ ಮಣ್ಣು ಮುಚ್ಚಿದಳು. "ಬೆಕ್ಕಿಗೆ ಈಬತ್ತಿ ಹಚ್ಚತಾರೇನು?" ಎಂದು ದುರುಗವ್ವ ಬಾಗಿಲಲ್ಲೇ ನಿಂತು ಗೊಣಗಿದಳು. ಆದರೆ ಆ ಹೊತ್ತು ಊಟಕ್ಕೆ ಕರೆದಾಗ ಹಸಿವಿಲ್ಲ ಎಂದಳು. ಹಾವು ಸಿಕ್ಕಿದ್ದು ಅವಳು ಮಲಗುವ ಜಾಗದಿಂದ ನಾಲ್ಕು ಮಾರು ದೂರದಲ್ಲಿ.

ಮುನಸಿಯ ಸ್ವಭಾವ ಹೆಸರಿನಲ್ಲೇ ಇತ್ತು. ಯಾರಾದರೂ ಗದರಿದರೆ ಎಂಟು ದಿನ ಮನೆ ಬಿಡುತ್ತಿತ್ತು. ಕೊನೆಗೆ ಒಮ್ಮೆ ಹೋದದ್ದು ಬರಲೇ ಇಲ್ಲ. ಎಲ್ಲೋ ಸತ್ತಿರಬೇಕು ಎಂದು ಎಲ್ಲರೂ ಹೇಳಿದರು. ಕಳಕಮ್ಮ ಮಾತ್ರ ಎರಡು ವರ್ಷ ಅದರ ಬಟ್ಟಲನ್ನು ಬೋರಲು ಹಾಕಲಿಲ್ಲ.

ಜಮಾದಾರ ಒಂದು ಕಿವಿ ಹರಿದ ಗಂಡು ಬೆಕ್ಕು. ದಿನಾ ಸಂಜೆ ಬಾಲ ಎತ್ತಿಕೊಂಡು ಓಣಿಯ ಮನೆಮನೆಗೂ ಹೋಗಿ ಹೊಸ್ತಿಲಲ್ಲಿ ಕೂರುತ್ತಿತ್ತು. ಏನಾದರೂ ಹಾಕುವತನಕ ಏಳುತ್ತಿರಲಿಲ್ಲ. ಕುಷ್ಟಗಿಯಿಂದ ಬರುವ ಪೊಲೀಸ್ ಜಮಾದಾರನ ಪದ್ಧತಿಯೂ ಅದೇ ಆಗಿದ್ದರಿಂದ ಹೆಸರು ತಾನಾಗಿಯೇ ಅಂಟಿಕೊಂಡಿತು. ಒಂದು ಚಳಿಗಾಲದ ಬೆಳಿಗ್ಗೆ ಎದುರುಮನೆಯ ಪಿಂಜಾರ ಜಿಲಾನಸಾಬ ಎರಡೂ ಕೈಯಲ್ಲಿ ಹೊಸ ಹತ್ತಿಯ ಗಂಟು ಹಿಡಿದು ಬಂದು ನಿಂತ. ಗಂಟಿನೊಳಗೆ ಬೆಕ್ಕಿತ್ತು.

"ಅಕ್ಕಾ, ನಿಮ್ಮ ಜಮಾದಾರ ಸಾಹೇಬ್ರು ನಮ್ಮ ಮನ್ಯಾಗ ಇಂತಕಾಲ ಆಗ್ಯಾರ. ರಾತ್ರಿ ಅರಳಿ ರಾಶಿ ಮ್ಯಾಲ ಬಂದು ಮಲಗಿದ್ರು, ಬೆಳಿಗ್ಗೆ ಏಳಲಿಲ್ಲ."

ಹತ್ತಿಯನ್ನು ವಾಪಸು ಕೊಡಲು ಹೋದರೆ ಅವನು ಮುಟ್ಟಲಿಲ್ಲ. "ಅವರು ಮಲಗಿದ ಅರಳಿ ಇನ್ನೊಬ್ಬರ ಗಾದಿಗೆ ಹೆಂಗ ತುಂಬಲಿ?" ಎಂದ. ಹೀಗೆ ಮುಳ್ಳೂರಿನಲ್ಲಿ ಹೊಸ ಹತ್ತಿಯ ಹಾಸಿಗೆಯಲ್ಲಿ ಮಣ್ಣಿಗೆ ಹೋದ ಜೀವ ಜಮಾದಾರನೊಂದೇ. ಗೌಡರ ತಂದೆಗೂ ಹಳೆಯ ಕಂಬಳಿಯೇ ಸಿಕ್ಕಿತ್ತು.

ಇವೆಲ್ಲದರ ನಡುವೆ ಹೆಚ್ಚು ಕಾಲ ಬಾಳಿದ್ದು ಗಂಗಿ. ಕೊಟ್ರಪ್ಪನ ಬಂಡಿಯಲ್ಲಿ ಗಂಗಾವತಿಯಿಂದ ಬಂದದ್ದಕ್ಕೆ ಆ ಹೆಸರು. ಬಂದದ್ದು ಮೂವತ್ತೊಂದನೆಯ ಇಸವಿಯಲ್ಲಿ. ನಲವತ್ತಮೂರರ ಆಷಾಢಕ್ಕೆ ಹನ್ನೆರಡು ತುಂಬಿತ್ತು. ಹಲ್ಲು ಬಿದ್ದಿದ್ದವು, ಕಣ್ಣು ಮಂಜಾಗಿದ್ದವು. ಇಲಿ ಪಕ್ಕದಲ್ಲೇ ಹಾದುಹೋದರೂ, ಹೋಗಲಿ ಬಿಡು, ನಾವೂ ಒಂದು ಕಾಲಕ್ಕೆ ಓಡಿದವರೇ ಎಂಬಂತೆ ನೋಡುತ್ತಿತ್ತು. ಕಳಕಮ್ಮ ಭಟ್ಟಿಯ ಮುಂದೆ ಕೂತಾಗ ಅದು ಅವಳ ಬೆನ್ನಿಗೆ ಬೆನ್ನು ಹಚ್ಚಿ ಕೂರುತ್ತಿತ್ತು. ಹನ್ನೆರಡು ವರ್ಷ ಬೆನ್ನಿಗೊಂದು ಜೀವ ಆತುಕೊಂಡಿದ್ದರೆ, ಅದು ಏಳುವ ದಿನ ಹೇಗಿರುತ್ತದೆ ಎಂದು ನೆನೆಯಲು ಕಳಕಮ್ಮನಿಗೆ ಧೈರ್ಯ ಸಾಲುತ್ತಿರಲಿಲ್ಲ.

ಆ ಆಷಾಢದಲ್ಲೇ ಊರು ಹೊರಬೀಡು ಹೋಗುವ ಸರದಿ ಬಂತು.

ಮುಳ್ಳೂರಿನಲ್ಲಿ ಮೂರು ವರ್ಷಕ್ಕೊಮ್ಮೆ ಆಷಾಢದ ಒಂದು ಮಂಗಳವಾರ ಊರಿಗೆ ಊರೇ ಖಾಲಿಯಾಗುತ್ತಿತ್ತು. ಹಿಂದಿನ ಸಂಜೆ ಪ್ರತಿ ಮನೆಯ ಒಲೆ ಆರಿಸಿ ಬೂದಿ ತೆಗೆದು ಸಾರಿಸಬೇಕು. ಸೂರ್ಯ ಹುಟ್ಟುವ ಮೊದಲು ಮಕ್ಕಳು, ಮುದುಕರು, ದನ, ನಾಯಿ, ಕೋಳಿ ಎಲ್ಲವೂ ಊರಬಾಗಿಲಾದ ಅಗಸಿಯ ಹೊರಗಿರಬೇಕು. ಆಮೇಲೆ ಅಗಸಿಗೆ ಜಾಲಿಮುಳ್ಳು ಬಡಿಯುತ್ತಾರೆ. ಹಗಲೆಲ್ಲ ಊರು ದುರಗಮ್ಮ ದೇವಿಯದು. ತಾಯಿ ಒಬ್ಬಳೇ ಓಣಿ ಓಣಿ ತಿರುಗಿ ಬೇನೆ ಬೇಸರಿಕೆಯನ್ನು ಗುಡಿಸಿ ಹಾಕುತ್ತಾಳೆ, ಒಂದು ಜೀವ ಒಳಗೆ ಉಳಿದರೂ ಮುನಿಯುತ್ತಾಳೆ ಎಂದು ನಂಬಿಕೆ. ಸಂಜೆ ಪೂಜಾರಿ ಊರ ಹೊರಗಿನ ಹುಣಸೆತೋಪಿನಲ್ಲಿ ಕಟ್ಟಿಗೆಗೆ ಕಟ್ಟಿಗೆ ತಿಕ್ಕಿ ಹೊಸ ಬೆಂಕಿ ಹುಟ್ಟಿಸುತ್ತಾನೆ. ಎಲ್ಲರ ಒಲೆಗೂ ಅದರದೇ ಕೆಂಡ. ಕಡ್ಡಿಪೆಟ್ಟಿಗೆ ಊರಿಗೆ ಬಂದು ಎಷ್ಟೋ ಕಾಲವಾಗಿತ್ತು, ಗಂಡಸರು ಬೀಡಿ ಹಚ್ಚುವುದು ಅದರಿಂದಲೇ. ಆದರೆ ಹೊರಬೀಡಿಗೆ ಆರಿಸಿದ ಒಲೆಯನ್ನು ಕಡ್ಡಿ ಗೀರಿ ಹಚ್ಚಿದ ಮನೆಗೆ ಸಿಡುಬು ಬರುತ್ತದೆಂದು ಯಾರೂ ಆ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ಕಟ್ಟು ಮುರಿದವರಿಗೆ ಊರು ಒಂದು ವರ್ಷ ಬೆಂಕಿ ಕೊಡುವುದಿಲ್ಲ. ಒಂಬತ್ತು ವರ್ಷದ ಹಿಂದೆ ಹುಲಿಗವ್ವನೆಂಬ ವಿಧವೆಗೆ ಹಾಗಾಗಿತ್ತು. ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಲು ಮನಸ್ಸಾಗದೆ ಅವಳು ಬುಟ್ಟಿಯಡಿ ಬಿಟ್ಟು ಬಂದಿದ್ದಳು. ಕೋಳಿ ಕೂಗಿತು, ಸಿಕ್ಕಿಬಿದ್ದಳು. ಕಟ್ಟೆಯ ಮೇಲೆ ಕೂತ ಹಿರಿಯರು, ಹೋಗಲಿ, ತೆಂಗಿನಕಾಯಿ ಒಡೆಸಿ ಬಿಡೋಣ ಎಂದು ಮೆತ್ತಗಾಗಿದ್ದಾಗ, ದುರುಗವ್ವನೇ ಎದ್ದು ನಿಂತು, "ಇವತ್ತ ಕೋಳಿ ಬಿಟ್ಟರ ನಾಳಿ ಎಮ್ಮಿ ಬಿಡತಾರ, ಕಟ್ಟು ಅಂದ್ರ ಕಟ್ಟು" ಎಂದು ವಾದ ಮಾಡಿ ಶಿಕ್ಷೆ ಹಾಕಿಸಿದ್ದಳು. ಒಂದು ವರ್ಷ ಹುಲಿಗವ್ವ ಪಕ್ಕದೂರಿನಿಂದ ಮಡಕೆಯಲ್ಲಿ ಕೆಂಡ ಹೊತ್ತು ತಂದು ಅಡುಗೆ ಮಾಡಿಕೊಂಡಳು. ಅಂದಿನಿಂದ ಅವಳು ದುರುಗವ್ವನ ಬಾಗಿಲು ತುಳಿದಿರಲಿಲ್ಲ.

ಒಬ್ಬ ಹೆಂಗಸಿನ ಒಲೆ ಬೇರೆ, ಭಟ್ಟಿಯ ಉರಿ ಬೇರೆ. ಮಡಕೆಯ ಕೆಂಡವನ್ನು ನಂಬಿ ದಿನಾ ಭಟ್ಟಿ ಹಚ್ಚಲಾಗದು. ಒಂದು ವರ್ಷ ಆರಿದರೆ ಭಟ್ಟಿಯ ಗೋಡೆ ಬಿರುಕು ಬಿಡುತ್ತದೆ, ಸಂತೆಯ ಗಿರಾಕಿ ಬೇರೆ ಕಡೆ ತಿರುಗುತ್ತಾನೆ. ಇದು ಕಳಕಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಹೊರಬೀಡಿನ ದಿನ ಇನ್ನೂ ಕತ್ತಲಿರುವಾಗಲೇ ಅವಳು ಮನೆಯ ಮೂರು ಎಳೆಯ ಬೆಕ್ಕುಗಳನ್ನು ಒಂದೊಂದು ಬುಟ್ಟಿಗೆ ಹಾಕಿ ಬಟ್ಟೆ ಕಟ್ಟಿದಳು. ಅವು ಕೈಯೆಲ್ಲ ಪರಚಿದವು. ನಾಲ್ಕನೆಯ ಬುಟ್ಟಿಗೆ ಗಂಗಿಯನ್ನು ಎತ್ತಲು ಹೋದಾಗ ಅದು ಒಂದು ತರಹ ಕೂಗಿತು. ಮೂರು ದಿನದಿಂದ ಅದು ನೀರು ಸಹ ಮುಟ್ಟಿರಲಿಲ್ಲ. ಮೈಯಲ್ಲಿ ಎಲುಬೇ ಉಳಿದಿದ್ದವು, ಎಲ್ಲಿ ಮುಟ್ಟಿದರೂ ನೋವು. ಹೊರಗೆ ಆಷಾಢದ ಗಾಳಿ ಬಾಗಿಲು ಬಡಿಯುತ್ತಿತ್ತು. ನಿನ್ನೆ ಸಂಜೆ ಆರಿಸಿದ ಭಟ್ಟಿಯ ಗೋಡೆ ಮಾತ್ರ ಇನ್ನೂ ಬೆಚ್ಚಗಿತ್ತು. ಕಳಕಮ್ಮ ಗಂಗಿಯನ್ನು ಅಲ್ಲೇ ಗೋಡೆಗೆ ಹೊಂದಿಸಿ ಮಲಗಿಸಿ, ನಾಲ್ಕನೆಯ ಬುಟ್ಟಿಗೆ ಹಳೆಯ ಬಟ್ಟೆ ತುಂಬಿ ಬಾಯಿ ಕಟ್ಟಿದಳು. ಸಂಜೆತನಕ ಇರು, ಬಂದುಬಿಡುತ್ತೇನೆ ಎಂದು ಅದರ ಕಿವಿಯಲ್ಲಿ ಹೇಳಿ, ಬಾಗಿಲು ಎಳೆದುಕೊಂಡಳು.

ತೋಪಿಗೆ ಹೋದ ಮೇಲೆ ಕೊಟ್ರಪ್ಪ ಬುಟ್ಟಿಗಳನ್ನು ನೋಡಿ, "ಗಂಗಿ ಹೆಂಗೈತಿ?" ಎಂದು ಕೇಳಿದ.

"ಮಲಗೈತಿ" ಎಂದಳು. ಗಂಡನಿಗೆ ಸುಳ್ಳು ಹೇಳಿದಂತೆಯೂ ಆಗಲಿಲ್ಲ, ನಿಜ ಹೇಳಿದಂತೆಯೂ ಆಗಲಿಲ್ಲ.

ಹುಣಸೆಮರಗಳ ಕೆಳಗೆ ಊರೆಲ್ಲ ಕಲೆತಿತ್ತು. ಹಿಂದಿನ ದಿನವೇ ಮಾಡಿದ ಕಡುಬು, ಪುಂಡಿಪಲ್ಯ, ಸಜ್ಜೆರೊಟ್ಟಿ ಎಲ್ಲರ ಗಂಟಿನಲ್ಲೂ ಇದ್ದವು. ಮಕ್ಕಳು ಜೋಕಾಲಿ ಕಟ್ಟಿದ್ದರು. ಕಳಕಮ್ಮ ಬಾಲ ಸುಟ್ಟ ಬೆಕ್ಕಿನಂತೆ ಆ ಮರದಿಂದ ಈ ಮರಕ್ಕೆ ತಿರುಗಿದಳು. ಮಧ್ಯಾಹ್ನವಾದಾಗ ತಡೆಯಲಾಗಲಿಲ್ಲ. ಬಿಂದಿಗೆ ಹಿಡಿದು ನೀರಿಗೆ ಹೋಗುವವಳಂತೆ ಅಗಸಿಯತನಕ ಬಂದಳು. ಮುಳ್ಳಿನ ಮುಂದೆ ತಳವಾರ ದುರಗಪ್ಪ ಕೋಲು ಊರಿಕೊಂಡು ಕೂತಿದ್ದ.

"ಏನು ಬೇಕಾಗಿತ್ತವ್ವ?"

"ಏನಿಲ್ಲಪ್ಪ. ಊರು ಎಷ್ಟು ಸುಮ್ಮಗ ಐತಿ ಅಂತ ನೋಡಾಕ ಬಂದೆ."

"ಸುಮ್ಮಗ ಇರಾಕಬೇಕಲ್ಲ. ತಾಯಿ ತಿರಗಾಡಾಕತ್ಯಾಳ."

ಕಳಕಮ್ಮ ಖಾಲಿ ಬಿಂದಿಗೆ ಹೊತ್ತು ಹಿಂದಿರುಗಿದಳು. ದಾರಿಯಲ್ಲಿ ಕಣ್ಣೀರು ತಾನಾಗಿ ಬಂತು. ಸಾಯುವ ಜೀವದ ಬಾಯಿಗೆ ಒಂದು ಹನಿ ನೀರು ಬಿಡುವವರೂ ಇಲ್ಲದಂತಾಯಿತಲ್ಲ, ಭಟ್ಟಿ ಉಳಿಸಿಕೊಳ್ಳಲು ಹನ್ನೆರಡು ವರ್ಷದ ಗೆಳತಿಯನ್ನು ಒಂಟಿ ಮಾಡಿ ಬಂದೆನಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅತ್ತೆ ಎಲ್ಲಿದ್ದಾಳೆಂದು ಅವಳು ಗಮನಿಸಲಿಲ್ಲ. ಮುದುಕಿಯರೆಲ್ಲ ತೋಪಿನ ಗುಡಿಯ ಹಿಂದೆ ಹಾಡಲು ಕೂತಿದ್ದರು, ಅಲ್ಲೇ ಇರಬೇಕು ಎಂದುಕೊಂಡಿದ್ದಳು.

ಸಂಜೆ ಪೂಜಾರಿ ಬೆಂಕಿ ಹುಟ್ಟಿಸಿದ. ಅಷ್ಟರಲ್ಲಿ ತಳವಾರ ದುರಗಪ್ಪ ಊರಿನ ಸುತ್ತು ಹಾಕಿ ಬಂದು ಗೌಡರ ಕಿವಿಯಲ್ಲಿ ಏನೋ ಹೇಳಿದ. ಹಿತ್ತಲ ಸಾಲಿನ ಕಡೆ ಬಿದ್ದ ಗೋಡೆಗೆ ಬಡಿದಿದ್ದ ಮುಳ್ಳು ಸರಿದಿತ್ತು, ಹಸಿ ಮಣ್ಣಿನಲ್ಲಿ ಬರಿಗಾಲಿನ ಹೆಜ್ಜೆ ಮೂಡಿದ್ದವು. ಯಾರೋ ಒಳಗೆ ಹೋಗಿ ಬಂದಿದ್ದರು. ಉಮಾಪತಿ ಗೌಡರು ಎಲ್ಲರಿಗೂ ಕೇಳುವಂತೆ, "ನಾಳಿ ಬೆಳಿಗ್ಗಿ ಕಟ್ಟಿ ಮುಂದ ಕೂಡ್ರಿ. ಇದು ಇತ್ಯರ್ಥ ಆಗೂತನ ಯಾರ ಒಲಿಗೂ ಕೆಂಡ ಇಲ್ಲ" ಎಂದರು. ಊರು ತಂಗಳು ಗಂಟು ಹಿಡಿದುಕೊಂಡು ಕತ್ತಲ ಮನೆಗಳಿಗೆ ಹೋಯಿತು.

ಕಳಕಮ್ಮ ಎಲ್ಲರಿಗಿಂತ ಮೊದಲು ಓಡಿದಳು. ಗಂಗಿ ಭಟ್ಟಿಯ ಗೋಡೆಯ ಹತ್ತಿರವೇ ಇತ್ತು, ಸತ್ತಿತ್ತು. ಆದರೆ ಅವಳು ಬಿಟ್ಟುಹೋದ ಹಾಗೆ ಇರಲಿಲ್ಲ. ತಲೆಯ ಕೆಳಗೆ ಮಡಿಸಿದ ಸೀರೆಯ ತುಂಡಿತ್ತು. ಪಕ್ಕದಲ್ಲಿ ನೀರಿನ ಬಟ್ಟಲು, ಅದರಲ್ಲಿ ಹತ್ತಿಯ ಬತ್ತಿ. ಬಾಯಿಗೆ ಹನಿ ಹನಿ ಬಿಟ್ಟದ್ದರಿಂದ ಗದ್ದದ ಕೂದಲು ಒದ್ದೆಯಾಗಿತ್ತು. ಹಣೆಯ ಮೇಲೆ ಈಬತ್ತಿ ಇತ್ತು. ಸೀರೆಯ ತುಂಡು ಯಾರದೆಂದು ಕಳಕಮ್ಮನಿಗೆ ತಕ್ಷಣ ಗೊತ್ತಾಯಿತು. ಎರಡು ದಶಕ ಅತ್ತೆಯ ಸೀರೆಗಳನ್ನು ಒಗೆದವಳು ಅವಳೇ.

ಹಿಂದೆ ದುರುಗವ್ವ ಬಂದು ನಿಂತಿದ್ದಳು. ಕಾಲಿಗೆ ಮುಳ್ಳು ಚುಚ್ಚಿ ರಕ್ತ ಒಣಗಿತ್ತು.

"ನಾ ಬರೂಮುಂದ ಇನ್ನೂ ಉಸಿರಿತ್ತು" ಎಂದಳು. "ಭಾಳ ಹೊತ್ತು ಇರಲಿಲ್ಲ. ಕೈ ಇಟ್ಟೆ, ಗುರ್ರ್ ಅಂತು, ಆಮ್ಯಾಲ ಹೋತು."

"ಅತ್ತಿ, ನಿಮಗ ಹೆಂಗ ಗೊತ್ತಾತ್ರಿ?"

"ಬೆಕ್ಕಿನ ಬುಟ್ಟಿ ಹಗಲೆಲ್ಲ ಒಂದು ಮಾತು ಆಡದಿದ್ದರ ಗೊತ್ತಾಗೂದಿಲ್ಲೇನು? ನೀ ಬಿಂದಿಗಿ ಹಿಡಕೊಂಡು ಅಳಕೊಂತ ಬಂದಿದ್ದೂ ನೋಡಿದೆ." ಮುದುಕಿ ಭಟ್ಟಿಯ ಗೋಡೆಗೆ ಕೈ ಊರಿ ಮೆಲ್ಲಗೆ ಕೂತಳು. "ಚಳಿಗಾಲಕ್ಕೆಲ್ಲ ನನ್ನ ಕಾಲಾಗ ಮಲಗತಿತ್ತು. ನಿನಗ ಹೇಳಿರಲಿಲ್ಲ. ಹೇಳಿದ್ರ ನಗತಿದ್ದಿ."

ಆ ರಾತ್ರಿ ದೀಪವಿಲ್ಲದೆ ಕೊಟ್ರಪ್ಪ, ಅತ್ತೆ, ಸೊಸೆ ಮೂವರೂ ಸೇರಿ ಗಂಗಿಯನ್ನು ಹಗೇವ್ಯಾ, ಜಮಾದಾರರ ಪಕ್ಕದಲ್ಲಿ ಹೂತರು. ಕಳಕಮ್ಮ ಅತ್ತಳು, ಆದರೆ ಅವಳೊಳಗೆ ಏನೋ ಹಗುರವಾಗಿತ್ತು. ಗಂಗಿ ಒಂಟಿಯಾಗಿ ಹೋಗಲಿಲ್ಲ. ಇನ್ನು ಭಟ್ಟಿ ಹೋದರೆ ಹೋಗಲಿ, ನಾಳೆ ಕಟ್ಟೆಯಲ್ಲಿ ತಪ್ಪು ತನ್ನದೆಂದು ಹೇಳಿಬಿಡಬೇಕು ಎಂದು ನಿಶ್ಚಯ ಮಾಡಿದಳು.

ಬೆಳಿಗ್ಗೆ ಕಟ್ಟೆಯ ಮುಂದೆ ಊರೆಲ್ಲ ನಿಂತಿತ್ತು. ಮಕ್ಕಳು ಬಿಸಿ ರೊಟ್ಟಿಗಾಗಿ ಅಳುತ್ತಿದ್ದವು. "ಯಾರು ಹೋಗಿದ್ರಿ?" ಎಂದು ಗೌಡರು ಕೇಳಿದರು. ಕಳಕಮ್ಮ ಒಂದು ಹೆಜ್ಜೆ ಮುಂದಿಟ್ಟು ಬಾಯಿ ತೆರೆಯುವಷ್ಟರಲ್ಲಿ ದುರುಗವ್ವ ಅವಳ ರಟ್ಟೆ ಹಿಡಿದು ಹಿಂದೆ ಎಳೆದಳು.

"ಒಳಗ ಹೋದಾಕಿ ನಾನ್ರಿ. ಮನ್ಯಾಗ ಬೆಕ್ಕು ಸಾಯಾಕತ್ತಿತ್ತು. ಬಾಯಾಗ ನೀರು ಬಿಡಾಕ ಹೋಗಿದ್ದೆ."

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಗೌಡರು ನಗಲಿಲ್ಲ. ಅವರಿಗೆ ತಲೆ ಕೆರೆದುಕೊಳ್ಳುವಂತಾಗಿತ್ತು. "ಹೆಂಗ ಮಾಡಬೇಕು ದುರುಗವ್ವ? ಕಟ್ಟು ಅಂದ್ರ ಕಟ್ಟು ಅಂದಾಕಿ ನೀನ."

"ಹೌದ್ರಿ, ನಾನ ಅಂದಿದ್ದು. ನನಗೂ ಅದ ಹಾಕ್ರಿ. ಆವತ್ತ ಕೋಳಿ ಎಬ್ಬಸಾಕ ಹುಲಿಗವ್ವಗ ಮನಸ್ಸು ಬರಲಿಲ್ಲ. ಹೆಂಗ ಬರತೈತಿ ಅಂತ ನನಗ ಆವಾಗ ತಿಳೀಲಿಲ್ಲ. ನಿನ್ನೆ ತಿಳೀತು."

ಹೆಂಗಸರ ಗುಂಪಿನ ಕೊನೆಯಲ್ಲಿ ಹುಲಿಗವ್ವ ನಿಂತಿದ್ದಳು. ಎಲ್ಲರೂ ತಿರುಗಿ ಅವಳನ್ನೇ ನೋಡಿದರು. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು ಮನೆಗೆ ಹೊರಟುಹೋದಳು. ಆಗಬೇಕಾದದ್ದೇ ಆಯಿತು. ಮಾಡಿದ್ದುಣ್ಣೋ ಮಹಾರಾಯ ಎಂದು ಯಾರೋ ಪಿಸುಗುಟ್ಟಿದರು. ಊರಿಗೆಲ್ಲ ಕೆಂಡ ಹಂಚಲಾಯಿತು. ಭಟ್ಟಿಯವರ ಮನೆಯೊಂದಕ್ಕೆ ಇಲ್ಲ.

ಸ್ವಲ್ಪ ಹೊತ್ತಿಗೆ ಓಣಿಯ ಎಲ್ಲ ಮನೆಗಳಿಂದ ಹೊಗೆ ಎದ್ದಿತು. ಕಳಕಮ್ಮ ತಣ್ಣಗಾದ ಭಟ್ಟಿಯ ಮುಂದೆ ಕೂತಿದ್ದಳು. ಮರುದಿನ ತಾವರಗೇರಾದ ಸಂತೆ. ಉಪ್ಪುನೀರು ಕುಡಿದ ಅಕ್ಕಿ ಮೊರದಲ್ಲಿ ಸಿದ್ಧವಾಗಿತ್ತು. ಕೊಟ್ರಪ್ಪ ಒಂದು ವರ್ಷ ಬಂಡಿ ಬಾಡಿಗೆ ಹೊಡೆದರಾಯಿತು ಎಂದು ಸಮಾಧಾನ ಹೇಳುತ್ತಿದ್ದ. ದುರುಗವ್ವ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಸೊಸೆಯ ಮುಖ ನೋಡಲು ಅವಳಿಗೆ ಆಗುತ್ತಿರಲಿಲ್ಲ.

ಬಾಗಿಲಲ್ಲಿ ನೆರಳು ಬಿತ್ತು. ಹುಲಿಗವ್ವ ಹೆಂಚಿನ ಚೂರಿನ ಮೇಲೆ ಕೆಂಡ ಇಟ್ಟುಕೊಂಡು ಒಳಗೆ ಬಂದಳು. ಯಾರನ್ನೂ ಕೇಳಲಿಲ್ಲ. ನೇರ ಭಟ್ಟಿಯ ಬಾಯಿಗೆ ಹೋಗಿ, ಕುಕ್ಕರಗಾಲಲ್ಲಿ ಕೂತು, ಕೆಂಡವನ್ನು ಕುಳ್ಳಿನ ಕೆಳಗೆ ಸರಿಸಿದಳು.

ದುರುಗವ್ವ ಕಣ್ಣು ತೆರೆದಳು. "ಬ್ಯಾಡ ಹುಲಿಗವ್ವ. ಕೆಂಡ ಕೊಟ್ಟಾಕಿಗೂ ಕಟ್ಟು ಬೀಳತೈತಿ."

"ನಂದು ಒಂದು ವರ್ಷ ಮುಂಚೇನ ತೀರೇತಿ ದೊಡ್ಡವ್ವ. ಬೇಕಂದ್ರ ಅದರಾಗ ಜಮಾ ಹಿಡಕೊಳ್ಳಲಿ."

ಇದಕ್ಕೆ ಗೌಡರೂ ಕಟ್ಟೆಯೂ ಏನು ಹೇಳಬಹುದಿತ್ತು? ಹುಲಿಗವ್ವನ ಮುಂದೆ ಬಂದು ಬೆಂಕಿಯ ಮಾತೆತ್ತುವ ಮುಖ ಊರಿನಲ್ಲಿ ಯಾರಿಗಿತ್ತು? ಭಟ್ಟಿಯ ಹೊಗೆ ಮೇಲೆದ್ದಾಗ ಉಮಾಪತಿ ಗೌಡರು ಕಟ್ಟೆಯ ಮೇಲೆ ಮಗ್ಗುಲು ಬದಲಿಸಿ ಕೂತರೆಂದು ಆಮೇಲೆ ಜಿಲಾನಸಾಬ ಹೇಳಿದ.

ದುರುಗವ್ವ, "ಆವತ್ತ ನಾ ಮಾಡಿದ್ದು ತಪ್ಪಾತವ್ವ" ಎಂದಳು.

"ಮೊದಲ ಉರಿ ಹಿಡೀಲಿ" ಎಂದ ಹುಲಿಗವ್ವ ಬಗ್ಗಿ ಊದಿದಳು. ಕುಳ್ಳು ಹೊಗೆಯಾಡಿತು, ಕೆಂಪಾಯಿತು, ಹೊತ್ತಿತು. ಅವಳು ಕಣ್ಣು ಒರೆಸಿಕೊಂಡು ಕಳಕಮ್ಮನ ಕಡೆ ತಿರುಗಿದಳು. "ನಿಮ್ಮ ಮನೀಗೆ ನಾ ಬಂದು ಒಂಬತ್ತ ವರ್ಷ ಆತು, ಯಾವ ಬೆಕ್ಕಂತ ನೆನಪಿಲ್ಲ. ಆ ಬೆಕ್ಕು ಹೆಂಗಿತ್ತವ್ವ?"

ಕಳಕಮ್ಮನ ಎಷ್ಟೋ ಬೆಕ್ಕುಗಳು ಸತ್ತಿದ್ದವು. ಪ್ರತಿ ಸಲವೂ ಓಣಿಯ ಹೆಂಗಸರು, ಇನ್ನೊಂದು ಬರತೈತಿ ಬಿಡು ಎಂದು ಹೋಗಿದ್ದರು. ಸತ್ತದ್ದು ಹೇಗಿತ್ತು ಎಂದು ಯಾರೂ ಕೇಳಿರಲಿಲ್ಲ. ಅವಳು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆಯೇ ಮುಂದಾದಳು.

"ಹಳದಿ ಇತ್ತು" ಎಂದಳು ದುರುಗವ್ವ. "ಹೊಟ್ಟಿ ಅಷ್ಟು ಬೆಳ್ಳಗ. ಮುಂಗಾಲು ಒಂದು ಸ್ವಲ್ಪ ಸೊಟ್ಟ ಇತ್ತು, ಅದಕ್ಕ ಕುಂತರ ಒಂದು ಕಡಿ ವಾಲತಿತ್ತು. ಗಂಗಿ ಅಂತ ಹೆಸರು. ಕುಂದರು ಹುಲಿಗವ್ವ, ಹೇಳತೀನಿ."

ಕಳಕಮ್ಮ ಎದ್ದು ಕಡಾಯಿಗೆ ಉಸುಕು ಸುರಿದಳು.